ಒಂದೇ ಮಗು, ಎರಡು ಹಲ್ಲು, ಒಂದಕ್ಕೆ ಮಾತ್ರ ಲೇಸರ್

ಎಂಟು ವರ್ಷದ ಹುಡುಗಿ. ತೂಕ 25 ಕೆ.ಜಿ. ಕೆಳದವಡೆಯ ಎರಡೂ ಕಡೆ, ಹಾಲುಹಲ್ಲುಗಳ ಸಾಲಿನ ಕಟ್ಟಕಡೆಯ ದವಡೆಹಲ್ಲು ಹುಳುಕು ತಿಂದು ಟೊಳ್ಳಾಗಿತ್ತು. ಎಡಗಡೆ ವಸಡಿನ ಮೇಲೆ ಸಣ್ಣ ಗುಳ್ಳೆ, ಒತ್ತಿದರೆ ಕೀವು ಬರುತ್ತಿತ್ತು. ಬಲಗಡೆ ಗುಳ್ಳೆ ಇರಲಿಲ್ಲ. ಆದರೆ ಎಕ್ಸ್-ರೇಯಲ್ಲಿ ನೋಡಿದರೆ ಬೇರುಗಳ ನಡುವಿನ ಮೂಳೆ ಕರಗಿತ್ತು. ಎರಡನ್ನೂ ಉಳಿಸಿಕೊಳ್ಳುವ ಕಾಲ ದಾಟಿಹೋಗಿತ್ತು. ಕೀಳಲೇಬೇಕಿತ್ತು.

ಎರಡನ್ನೂ ಒಂದೇ ದಿನ ಕೀಳಲಿಲ್ಲ. ಎರಡೂ ಕಡೆ ಜೋಮು ಬಂದರೆ ಮಗುವಿಗೆ ಇಡೀ ಕೆಳತುಟಿಯೂ ನಾಲಿಗೆಯೂ ಗೊತ್ತಾಗುವುದಿಲ್ಲ. ಅದು ತುಂಬ ಕಷ್ಟ. ಹಾಗಾಗಿ ಮೊದಲು ಎಡಗಡೆ, ಮೂರು ವಾರ ಬಿಟ್ಟು ಬಲಗಡೆ. ಹಲ್ಲು ಕಿತ್ತ ಗಾಯ ಬೇಗ ಮಾಯಲಿ, ನೋವು ಕಡಿಮೆಯಾಗಲಿ ಎಂದು ಕೊಡುವ ಮಂದ ಲೇಸರ್ ಬೆಳಕನ್ನು ಎಡಗಡೆಯದಕ್ಕೆ ಕೊಡಲಿಲ್ಲ, ಬಲಗಡೆಯದಕ್ಕೆ ಕೊಟ್ಟೆ. ಹೋಲಿಸಿ ನೋಡಬೇಕು ಅಂತ ಹಾಕಿಕೊಂಡ ಯೋಜನೆ ಅಲ್ಲ ಅದು. ಹಾಗೆ ನಡೆಯಿತು. ಆದರೆ ಎರಡೂ ಸಲ ನೋವಿನ ಲೆಕ್ಕ ಬರೆದಿಟ್ಟಿದ್ದೆವು, ಗಾಯದ ಫೋಟೋ ತೆಗೆದಿದ್ದೆವು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೇ ಹಲ್ಲು

ಜೋಮು ಬರಿಸಲು ಎರಡು ಪರ್ಸೆಂಟ್ ಲಿಡೋಕೇನ್, ಅಡ್ರಿನಲಿನ್ ಸೇರಿದ್ದು, 1.8 ಮಿ.ಲೀ.ನ ಒಂದು ಕಾರ್ಟ್ರಿಡ್ಜ್. ಅದರಲ್ಲಿ 36 ಮಿ.ಗ್ರಾಂ. ಔಷಧಿ ಇರುತ್ತದೆ. ಮಕ್ಕಳಿಗೆ ಕೆ.ಜಿ.ಗೆ 4.4 ಮಿ.ಗ್ರಾಂ. ಮೀರಬಾರದು ಎಂಬ ಲೆಕ್ಕ ಹಿಡಿದರೆ ಇವಳ ಮಿತಿ 110. ಆ ವಿಷಯದಲ್ಲಿ ಚಿಂತೆ ಇರಲಿಲ್ಲ. ಚಿಂತೆ ಬಂದದ್ದು ಹಲ್ಲು ಅಲುಗಾಡಿಸಲು ಶುರು ಮಾಡಿದ ಮೇಲೆ. ಹಿಂದಿನ ಬೇರಿನ ತುದಿ ಮುರಿಯಿತು. ಈ ಹಾಲುಹಲ್ಲಿನ ಬೇರುಗಳು ಚಿಮಟದ ಕಾಲಿನ ಹಾಗೆ ಅಗಲವಾಗಿ ಬಾಗಿರುತ್ತವೆ, ಅವುಗಳ ಮಧ್ಯೆಯೇ ಮುಂದೆ ಬರಬೇಕಾದ ಶಾಶ್ವತ ಹಲ್ಲಿನ ಮೊಳಕೆ ಕೂತಿರುತ್ತದೆ. ಸುಮ್ನೆ ಕೆದಕುವಂತಿಲ್ಲ. ನಿಧಾನವಾಗಿ ತುಂಡು ತೆಗೆದೆ. ಎಲ್ಲ ಸೇರಿ 25 ನಿಮಿಷ ಹಿಡಿಯಿತು. ಹುಡುಗಿ ಅತ್ತಳು. ಜಾಸ್ತಿ ಅತ್ತದ್ದು ನೋವಿಗಲ್ಲ, ಹೊತ್ತು ಆಯಿತಲ್ಲ ಅದಕ್ಕೆ.

ಗಾಜ್ ಕಚ್ಚಿಸಿ, ರಕ್ತ ನಿಂತ ಮೇಲೆ ಮನೆಗೆ ಕಳಿಸಿದೆ. ಉಗಿಯಬೇಡ, ಸ್ಟ್ರಾದಲ್ಲಿ ಹೀರಬೇಡ, ಬಿಸಿ ಬೇಡ, ತುಟಿ ಕಚ್ಚಬೇಡ ಎಂದು ಹೇಳಿದೆ. ಹೇಳುವಾಗ ತಾಯಿ ಮಗಳ ಕಣ್ಣು ಒರೆಸುತ್ತಿದ್ದರು. ಅವರ ಕಿವಿಗೆ ಎಷ್ಟು ಬಿತ್ತೋ ನಾನು ನೋಡಲಿಲ್ಲ. ಅದು ನನ್ನ ತಪ್ಪು.

ಮಾರನೇ ಬೆಳಿಗ್ಗೆ ತಾಯಿ ಫೋಟೋ ಕಳಿಸಿದರು. ಕೆಳತುಟಿಯ ಎಡಭಾಗ ಊದಿ ಹೊರಕ್ಕೆ ಮಗುಚಿತ್ತು. ಒಳಮೈಯಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ ಬಿಳಿ ಪೊರೆ, ಅದರ ಸುತ್ತ ಕೆಂಪು ಅಂಚು. "ಡಾಕ್ಟ್ರೇ, ಕೀವಾಗಿದೆ" ಎಂದು ಬರೆದಿದ್ದರು. ಕೀವಲ್ಲ ಅದು. ಜೋಮು ಇದ್ದ ಮೂರು ಗಂಟೆಯಲ್ಲಿ ಹುಡುಗಿ ಟಿವಿ ನೋಡುತ್ತಾ ತುಟಿಯನ್ನು ಹಲ್ಲಿನಡಿ ಇಟ್ಟು ಅಗಿದಿದ್ದಳು. ಅಗಿದಾಗ ರಬ್ಬರ್ ಥರ ಇತ್ತಂತೆ, ಮಜಾ ಅನ್ನಿಸಿತಂತೆ. ಬಿಳಿ ಪೊರೆ ಅನ್ನುವುದು ಬಾಯಿಯೊಳಗಿನ ಗಾಯದ ಹಕ್ಕಳೆ. ಚರ್ಮದ ಮೇಲಾದರೆ ಒಣಗಿ ಕಂದು ಬಣ್ಣವಾಗುತ್ತದೆ, ಒದ್ದೆ ಜಾಗದಲ್ಲಿ ಬಿಳಿಯಾಗಿಯೇ ಉಳಿಯುತ್ತದೆ. ಕೆರೆಯಬಾರದು. ವ್ಯಾಸಲಿನ್ ಹಚ್ಚಿ ಬಿಟ್ಟರೆ ವಾರ, ಹತ್ತು ದಿನದಲ್ಲಿ ತಾನೇ ಮಾಯುತ್ತದೆ.

ಇದು ಅಪರೂಪವೇನಲ್ಲ. ಕೆಳದವಡೆಗೆ ಇಂಜೆಕ್ಷನ್ ಪಡೆದ ಮಕ್ಕಳ ಬಗ್ಗೆ 2000ದಲ್ಲಿ ಬಂದ ಒಂದು ಅಧ್ಯಯನದಲ್ಲಿ, ನಾಲ್ಕು ವರ್ಷದೊಳಗಿನವರಲ್ಲಿ ಶೇ. 18, ಎಂಟರಿಂದ ಹನ್ನೊಂದು ವರ್ಷದವರಲ್ಲಿ ಶೇ. 13 ಮಕ್ಕಳು ಹೀಗೆ ಕಚ್ಚಿಕೊಂಡಿದ್ದರು. ಹಲ್ಲು ಕಿತ್ತ ಕುಳಿಗಿಂತ ತುಟಿಯ ಗಾಯವೇ ಜಾಸ್ತಿ ಅಳಿಸುತ್ತದೆ ಎಂಬುದನ್ನು ಇಂಥ ಮಕ್ಕಳ ತಂದೆತಾಯಿ ಎಲ್ಲರೂ ಬಲ್ಲರು.

ನೋವು ಅಳೆಯಲು ನಾವು ಬಳಸುವುದು ವಾಂಗ್-ಬೇಕರ್ ಮುಖಗಳ ಚೀಟಿ. ಆರು ಮುಖ. ನಗುವ ಮುಖಕ್ಕೆ ಸೊನ್ನೆ, ಕಣ್ಣೀರು ಸುರಿಸುವ ಮುಖಕ್ಕೆ ಹತ್ತು, ನಡುವೆ ಎರಡೆರಡು ಅಂಕ ಏರುತ್ತಾ ಹೋಗುತ್ತದೆ. ಮೂರು ವರ್ಷ ದಾಟಿದ ಮಗು ತಾನೇ ಬೆರಳಿಟ್ಟು ತೋರಿಸಬಹುದು. ದೊಡ್ಡವರು ಊಹಿಸಿ ಗುರುತು ಹಾಕುವುದಕ್ಕಲ್ಲ ಅದು. ತಾಯಿಗೆ ಆ ಚೀಟಿ ಕೊಟ್ಟು, ಇಂತಿಂಥ ಹೊತ್ತಿಗೆ ಮಗುವನ್ನೇ ಕೇಳಿ ಬರೆಯಿರಿ ಎಂದಿದ್ದೆ. ಆರು ಗಂಟೆಗೆ 8. ಮಲಗುವಾಗ 6. ಬೆಳಿಗ್ಗೆ 6. ಮೂರನೇ ದಿನ 4. ಎಲ್ಲಿ ನೋವು ಅಂತ ಆ ದಿನ ಕೇಳಿದರೆ ಬೆರಳು ಹೋದದ್ದು ತುಟಿಗೆ.

ಪ್ಯಾರಾಸಿಟಮಾಲ್ ಸಿರಪ್ ಬರೆದಿದ್ದೆ. ಕೆ.ಜಿ.ಗೆ 15 ಮಿ.ಗ್ರಾಂ. ಎಂದರೆ 375 ಮಿ.ಗ್ರಾಂ., 5 ಮಿ.ಲೀ.ನಲ್ಲಿ 250 ಇರುವ ಸಿರಪ್ಪಾದರೆ ಏಳೂವರೆ ಮಿ.ಲೀ. ಆದರೆ ಮೊದಲ ಡೋಸ್ ಕೊಟ್ಟದ್ದು ಮಗು ಜೋರಾಗಿ ಅಳಲು ಶುರು ಮಾಡಿದ ಮೇಲೆ. ಔಷಧಿ ಕೆಲಸ ಶುರು ಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ನೋವು ತನ್ನಷ್ಟಕ್ಕೆ ಏರುತ್ತಲೇ ಇತ್ತು. ಎರಡೂವರೆ ದಿನದಲ್ಲಿ ಒಟ್ಟು ಐದು ಡೋಸ್ ಆಯಿತು.

ಮೂರನೇ ದಿನ ಕುಳಿ ನೋಡಿದೆ. ಕುಳಿಯ ಬಾಯಿ ತೆರೆದೇ ಇತ್ತು. ಮೇಲೆ ಬೂದು ಬಿಳಿ ಪೊರೆ, ಅಂಚಿನ ವಸಡು ಕೆಂಪು, ಸಲೈನ್‌ನಲ್ಲಿ ತೊಳೆದಾಗ ಒಂದು ಕಡೆ ಸ್ವಲ್ಪ ರಕ್ತ ಜಿನುಗಿತು. ಕೆಟ್ಟದ್ದೇನಲ್ಲ, ಮೂರನೇ ದಿನಕ್ಕೆ ಹೀಗಿರುವುದು ಸಹಜ. ವಸಡಿನ ಬಣ್ಣ, ರಕ್ತ, ಅಂಚು, ಕೀವು ನೋಡಿ ಒಂದರಿಂದ (ತೀರಾ ಕೆಟ್ಟದ್ದು) ಐದರವರೆಗೆ (ತುಂಬ ಒಳ್ಳೆಯದು) ಅಂಕ ಕೊಡುವ ಲ್ಯಾಂಡ್ರಿ ಪಟ್ಟಿ 1988ರಿಂದ ಬಳಕೆಯಲ್ಲಿದೆ. ಅದರಲ್ಲಿ 3 ಕೊಟ್ಟೆ. ಏಳನೇ ದಿನ 4.

ಎರಡನೇ ಸಲ ತಾಯಿ ಕೇಳಿದ ಪ್ರಶ್ನೆ

"ಲೇಸರ್ ಕೊಟ್ರೆ ನೋವೇ ಇರಲ್ಲ ಅಂತಾರಲ್ಲ ಡಾಕ್ಟ್ರೇ, ನಿಜಾನಾ? ಮೊದಲನೇ ಸಲವೇ ಯಾಕೆ ಕೊಡ್ಲಿಲ್ಲ?"

ನ್ಯಾಯವಾದ ಪ್ರಶ್ನೆ. ನೋವೇ ಇರಲ್ಲ ಎಂಬುದು ನಿಜವಲ್ಲ ಎಂದೆ. ಹಾಲುಹಲ್ಲು ಕಿತ್ತ ಗಾಯ ಬಹುಪಾಲು ಮಕ್ಕಳಲ್ಲಿ ಏನೂ ಮಾಡದೆ ಬಿಟ್ಟರೂ ಚೆನ್ನಾಗಿಯೇ ಮಾಯುತ್ತದೆ, ಅದಕ್ಕೇ ಮೊದಲನೇ ಸಲ ಕೊಟ್ಟಿರಲಿಲ್ಲ. ಆದರೆ ಈ ಹುಡುಗಿ ಒಮ್ಮೆ ಕಷ್ಟಪಟ್ಟಿದ್ದಳು. ಭಯ ಕೂತಿತ್ತು. ಸ್ವಲ್ಪವಾದರೂ ಹಗುರ ಮಾಡುವ ದಾರಿ, ಅದೂ ಚುಚ್ಚದ, ಕಹಿಯಿಲ್ಲದ ದಾರಿ ಇದ್ದರೆ ಬಳಸಬಹುದಲ್ವಾ ಅನ್ನಿಸಿತು. ಏನು ಆಗಬಹುದು, ಏನು ಆಗಲಿಕ್ಕಿಲ್ಲ ಎಂದು ಹೇಳಿ ಒಪ್ಪಿಗೆ ಪಡೆದೆ.

ಲೇಸರ್ ಅಂದ ತಕ್ಷಣ ಎಲ್ಲರೂ ಕತ್ತರಿಸುವುದು, ಸುಡುವುದು ಎಂದುಕೊಳ್ಳುತ್ತಾರೆ. ಇದು ಅದಲ್ಲ. ಕತ್ತರಿಸುವ ಲೇಸರ್‌ನ ಶಕ್ತಿ ವ್ಯಾಟ್‌ಗಳಲ್ಲಿರುತ್ತದೆ. ಇದು ಅರ್ಧ ವ್ಯಾಟ್‌ಗಿಂತ ಕಡಿಮೆ, ಹೆಚ್ಚಾಗಿ ನೂರು ಮಿಲಿವ್ಯಾಟ್‌ನ ಆಸುಪಾಸು. ಕೆಂಪು ಬೆಳಕು, ಇಲ್ಲವೇ ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು. ಬಿಸಿ ಮಾಡುವ ಮೂಲಕ ಅಲ್ಲ, ಜೀವಕೋಶಕ್ಕೆ ಬೆಳಕು ಉಣಿಸುವ ಮೂಲಕ ಇದರ ಕೆಲಸ. ಈಗ ಇದನ್ನು ಫೋಟೋಬಯೋಮಾಡ್ಯುಲೇಷನ್ ಎನ್ನುತ್ತಾರೆ. ನಾವು ಕ್ಲಿನಿಕ್‌ನಲ್ಲಿ ಮಾತಾಡುವಾಗ ಸಾಫ್ಟ್ ಲೇಸರ್ ಅನ್ನುತ್ತೇವೆ.

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಏಳು ವರ್ಷದ ನಂತರ, 1967ರಲ್ಲಿ, ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಬೆನ್ನಿನ ಕೂದಲು ಬೋಳಿಸಿ, ಮಂದವಾದ ರೂಬಿ ಲೇಸರ್ ಬಿಟ್ಟು ನೋಡುತ್ತಿದ್ದರು. ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಅಲ್ಲಿಂದ ಮಾಯದ ಹುಣ್ಣುಗಳ ಕಡೆಗೆ ಅವರ ಗಮನ ಹೋಯಿತು. ನನ್ನ ಕೈಯಲ್ಲಿರುವ ಪೆನ್ನಿನಷ್ಟು ದಪ್ಪದ ಯಂತ್ರದ ಮೂಲ ಅದೇ.

ಒಳಗೆ ನಡೆಯುವುದು ಹೀಗೆ. ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗ ಮೈಟೋಕಾಂಡ್ರಿಯಾ, ಅದರಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಕೋಶದ ಉಸಿರಾಟದ ಕೊನೆಯ ಹಂತ ಅದರದು. ಈ ಬೆಳಕನ್ನು ಮುಖ್ಯವಾಗಿ ಹೀರುವುದು ಅದು ಎಂಬ ವಿವರಣೆ ಹೆಚ್ಚು ಬಳಕೆಯಲ್ಲಿದೆ. ಪೆಟ್ಟು ಬಿದ್ದ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಆ ಕಿಣ್ವಕ್ಕೆ ಅಂಟಿ ಆಮ್ಲಜನಕದ ಜಾಗ ಹಿಡಿದಿರುತ್ತದೆ. ಬೆಳಕು ಬಿದ್ದಾಗ ಅದು ಬಿಟ್ಟುಹೋಗುತ್ತದೆ. ಕೋಶ ಮತ್ತೆ ಸರಿಯಾಗಿ ಎಟಿಪಿ ಎಂಬ ತನ್ನ ಇಂಧನ ತಯಾರಿಸುತ್ತದೆ. ಶಕ್ತಿ ಸಿಕ್ಕ ಕೋಶ ಬೇಗ ಒಡೆದು ಎರಡಾಗುತ್ತದೆ, ಗಾಯ ಕೂಡಿಸುವ ಕೊಲಾಜೆನ್ ನಾರು ನೇಯುತ್ತದೆ. ಊತ ತರುವ ಪ್ರೊಸ್ಟಗ್ಲಾಂಡಿನ್ ಕಡಿಮೆಯಾಗುತ್ತದೆ, ನೋವಿನ ನರಗಳು ಸ್ವಲ್ಪ ಹೊತ್ತು ಮಂದವಾಗುತ್ತವೆ. ಸತ್ತ ಕೋಶಕ್ಕೆ ಇದರಿಂದ ಏನೂ ಆಗುವುದಿಲ್ಲ. ದಣಿದ ಕೋಶಕ್ಕೆ ಒಂದು ಕೈ ಕೊಟ್ಟ ಹಾಗೆ, ಅಷ್ಟೇ.

ಎರಡು ನಿಮಿಷ

ಬಲಗಡೆಯ ಹಲ್ಲು ಎಂಟು ನಿಮಿಷಕ್ಕೇ ಬಂತು. ಬೇರು ಪೂರ್ತಿ ಬಂತು. ಗಾಜ್ ಕಚ್ಚಿಸಿ ರಕ್ತ ನಿಲ್ಲುವ ತನಕ ಕಾದೆ. ಕಾಯಲೇಬೇಕು. ಹರಿಯುವ ರಕ್ತ ಬೆಳಕನ್ನು ತಾನೇ ಹೀರಿಬಿಡುತ್ತದೆ, ವಸಡಿಗೆ ತಲುಪುವುದು ಕಡಿಮೆ. ಜೊಲ್ಲು ಒರೆಸಿದೆ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಮಾತ್ರ ಮುಟ್ಟಲಿಲ್ಲ. ಅದೇ ಗಾಯದ ಬುನಾದಿ.

ಆಮೇಲೆ ಕನ್ನಡಕ. ಇದರಲ್ಲಿ ರಾಜಿ ಇಲ್ಲ. ಮಗು, ತಾಯಿ, ಸಹಾಯಕಿ, ನಾನು, ಕೋಣೆಯಲ್ಲಿದ್ದ ನಾಲ್ಕೂ ಜನ ಹಾಕಿಕೊಂಡೆವು. ಯಾವುದೋ ಕಪ್ಪು ಕನ್ನಡಕ ಆಗುವುದಿಲ್ಲ, ಯಂತ್ರದ ತರಂಗಾಂತರಕ್ಕೆ ತಕ್ಕದ್ದೇ ಬೇಕು. ಕಣ್ಣಿಗೆ ಕಾಣುವ ಬೆಳಕಾದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ. ನಮ್ಮ ಯಂತ್ರದ 808 ನ್ಯಾನೋಮೀಟರ್‌ನ ಬೆಳಕು ಕಾಣುವುದೇ ಇಲ್ಲ, ರೆಪ್ಪೆಗೆ ಗೊತ್ತಾಗುವುದಿಲ್ಲ, ಅಕ್ಷಿಪಟಲಕ್ಕೆ ನೇರ ಹೋಗುತ್ತದೆ. ದೊಡ್ಡವರ ಕನ್ನಡಕ ಮಕ್ಕಳ ಮೂಗಿನ ಮೇಲೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಸಂದಿ ಉಳಿಯುತ್ತದೆ. ಮಕ್ಕಳ ಅಳತೆಯದನ್ನೇ ಇಟ್ಟುಕೊಳ್ಳಬೇಕು.

"ಚುಚ್ಚತ್ತಾ?" ಎಂದು ಕೇಳಿದಳು.

"ಇಲ್ಲ ಪುಟ್ಟಾ. ಟಾರ್ಚ್ ಥರ."

"ಬಿಸಿ ಆಗತ್ತಾ?"

"ಮೊದಲು ನನ್ನ ಕೈ ಮೇಲೆ ಬಿಡ್ತೀನಿ. ಆಮೇಲೆ ನಿನ್ನ ಉಗುರಿನ ಮೇಲೆ. ನೀನೇ ನೋಡಿ ಹೇಳು."

ಗುರಿ ತೋರಿಸುವ ಸಣ್ಣ ಕೆಂಪು ಚುಕ್ಕೆ ಅವಳ ಹೆಬ್ಬೆರಳ ಉಗುರಿನ ಮೇಲೆ ಬಿತ್ತು. ಬೆರಳನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಏನೂ ಆಗಲಿಲ್ಲ ಅಂತ ಗೊತ್ತಾದ ಮೇಲೆ ಬಾಯಿ ತೆರೆದಳು. ಹೇಳು, ತೋರಿಸು, ಮಾಡು ಎಂಬ ಈ ಕ್ರಮ ಮಕ್ಕಳ ದಂತ ಚಿಕಿತ್ಸೆಯಲ್ಲಿ 1959ರಿಂದ ಇದೆ. ಇಷ್ಟು ವರ್ಷವಾದರೂ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮೂರು ಜಾಗದಲ್ಲಿ ಕೊಟ್ಟೆ. ಕೆನ್ನೆ ಕಡೆಯ ವಸಡು, ನಾಲಿಗೆ ಕಡೆಯ ವಸಡು, ಕುಳಿಯ ನೇರ ಮೇಲೆ. ವಸಡಿಗೆ ತುದಿಯನ್ನು ಹಗುರವಾಗಿ ತಾಗಿಸಿ, ಕುಳಿಯ ಮೇಲೆ ಮಾತ್ರ ಒಂದೆರಡು ಮಿಲಿಮೀಟರ್ ಎತ್ತಿ ಹಿಡಿದು. ತುದಿಗೆ ಒಮ್ಮೆ ಬಳಸಿ ಎಸೆಯುವ ತೆಳು ಪಾರದರ್ಶಕ ಕವರ್. 100 ಮಿಲಿವ್ಯಾಟ್, ಒಂದೊಂದು ಜಾಗಕ್ಕೆ 40 ಸೆಕೆಂಡ್. ಲೆಕ್ಕ ಸುಲಭ. ವ್ಯಾಟ್ ಅನ್ನು ಸೆಕೆಂಡಿನಿಂದ ಗುಣಿಸಿದರೆ ಜೂಲ್. ಇಲ್ಲಿ ಒಂದು ಜಾಗಕ್ಕೆ 4 ಜೂಲ್. ತುದಿಯ ವಿಸ್ತೀರ್ಣ ಒಂದು ಚದರ ಸೆಂಟಿಮೀಟರ್ ಇದ್ದದ್ದರಿಂದ ಚದರ ಸೆಂಟಿಮೀಟರ್‌ಗೆ 4 ಜೂಲ್. ಅದೇ 40 ಸೆಕೆಂಡನ್ನು ಅರ್ಧ ವಿಸ್ತೀರ್ಣದ ತುದಿಯಲ್ಲಿ ಕೊಟ್ಟರೆ 8 ಆಗಿಬಿಡುತ್ತದೆ. "ಇಷ್ಟು ಸೆಕೆಂಡ್ ಕೊಟ್ಟೆವು" ಎಂದಷ್ಟೇ ಬರೆದಿಟ್ಟರೆ ಯಾರಿಗೂ ಉಪಯೋಗವಿಲ್ಲ. ಶಕ್ತಿ, ಸಮಯ, ತುದಿಯ ವಿಸ್ತೀರ್ಣ, ತರಂಗಾಂತರ, ನಾಲ್ಕೂ ಬೇಕು.

ಜಾಸ್ತಿ ಕೊಟ್ಟರೆ ಜಾಸ್ತಿ ಒಳ್ಳೆಯದಲ್ವಾ ಎಂದು ತಾಯಿ ಕೇಳಿದರು. ಅಲ್ಲ. ತೀರಾ ಕಡಿಮೆ ಕೊಟ್ಟರೆ ಏನೂ ಆಗುವುದಿಲ್ಲ, ಹದವಾಗಿ ಕೊಟ್ಟರೆ ಕೋಶ ಚುರುಕಾಗುತ್ತದೆ, ಹದ ಮೀರಿದರೆ ಅದೇ ಕೋಶ ಮಂಕಾಗುತ್ತದೆ. ಬೆಳಕಿನ ಚಿಕಿತ್ಸೆಯಲ್ಲಿ ಇದು ಮತ್ತೆ ಮತ್ತೆ ಕಂಡುಬಂದ ಸಂಗತಿ. ಮಕ್ಕಳಲ್ಲಿ ನಾನು ಕಡಿಮೆ ಕಡೆಗೇ ವಾಲುತ್ತೇನೆ. ಕೆಳಗೆ ಇನ್ನೊಂದು ಹಲ್ಲು ಬೆಳೆಯುತ್ತಿದೆ ಎಂಬುದು ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ಯಂತ್ರ ಹತ್ತು ಸೆಕೆಂಡಿಗೊಮ್ಮೆ ಬೀಪ್ ಅನ್ನುತ್ತದೆ. ಹುಡುಗಿ ಬೆರಳು ಮಡಚಿ ಎಣಿಸಿದಳು. ಹನ್ನೆರಡು ಬೀಪ್, ಎರಡು ನಿಮಿಷ. ಮೂರನೇ ದಿನ ನೋಡಲು ಬಂದಾಗ, ಫೋಟೋ ತೆಗೆದ ಮೇಲೆ ಇನ್ನೊಂದು ಸಲ ಇಷ್ಟೇ ಕೊಟ್ಟೆ.

ಚೀಟಿಯಲ್ಲಿ ಏನು ಬಂತು

ಆರು ಗಂಟೆಗೆ 2. ಮಲಗುವಾಗ 2. ರಾತ್ರಿ ಒಮ್ಮೆ ಎದ್ದಳು, ಆಗ 4. ಬೆಳಿಗ್ಗೆ 2. ಮೂರನೇ ದಿನ ಸೊನ್ನೆ. ಸಿರಪ್ ಮೂರು ಡೋಸ್.

ಮೂರನೇ ದಿನದ ಕುಳಿ ಬೇರೆ ಥರ ಇತ್ತು. ಅಂಚಿನ ವಸಡು ತಿಳಿ ಗುಲಾಬಿ. ಎರಡೂ ಕಡೆಯ ಅಂಚು ಒಳಕ್ಕೆ ಸರಿದು ಕುಳಿಯ ಬಾಯಿ ಕಿರಿದಾಗಿತ್ತು. ಪೊರೆ ತೆಳುವಾಗಿತ್ತು, ಅದರಡಿ ನುಣ್ಣನೆ ಕೆಂಪು ಹೊಸ ಮಾಂಸ ಕಾಣುತ್ತಿತ್ತು. ತೊಳೆದಾಗ ರಕ್ತ ಬರಲಿಲ್ಲ. ಲ್ಯಾಂಡ್ರಿ ಅಂಕ 4. ಏಳನೇ ದಿನವೂ 4. ಅಂದರೆ ಏಳನೇ ದಿನಕ್ಕೆ ಎಡ, ಬಲ ಎರಡೂ ಒಂದೇ. ಎರಡೂ ಫೋಟೋ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಎಂದು ನನ್ನ ಸಹಾಯಕಿಗೆ ಹೇಳಲು ಆಗಲಿಲ್ಲ. ಮೂರನೇ ದಿನದ ಫೋಟೋಗಳನ್ನು ಮಾತ್ರ ತಕ್ಷಣ ಗುರುತಿಸಿದಳು.

8ರಿಂದ 2ಕ್ಕೆ ಇಳಿಯಿತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಲೇಸರ್ ಪವಾಡ ಮಾಡಿದ ಹಾಗೆ ಕೇಳಿಸುತ್ತದೆ. ತಾಯಿಗೆ ಹಾಗೇ ಅನ್ನಿಸಿತ್ತು. ನನಗೂ ಆ ದಿನ ಖುಷಿಯಾಗಿತ್ತು. ಆದರೆ ಎರಡು ಸಲದ ಕೇಸ್ ಪೇಪರ್ ಎದುರಿಗಿಟ್ಟು ಕೂತಾಗ, ಬೇರೆಯಾದದ್ದು ಬೆಳಕು ಒಂದೇ ಅಲ್ಲ ಎಂದು ಕಾಣಿಸಿತು.

ಎರಡನೇ ಸಲ ತುಟಿ ಕಚ್ಚಿಕೊಳ್ಳಲಿಲ್ಲ. ಕಚ್ಚದಂತೆ ನೋಡಿಕೊಂಡೆವು. ತುಟಿ ಮತ್ತು ಹಲ್ಲಿನ ನಡುವೆ ಹತ್ತಿಯ ಸುರುಳಿ ಇಟ್ಟು, ಜೋಮು ಬಿಡುವವರೆಗೆ ತಾಯಿ ಪಕ್ಕದಲ್ಲೇ ಕೂತರು. ಮೊದಲ ಸಲದ ಆ 8ರಲ್ಲಿ ತುಟಿಯ ಪಾಲೆಷ್ಟು, ಕುಳಿಯ ಪಾಲೆಷ್ಟು? ಮೂರನೇ ದಿನ ಅವಳ ಬೆರಳು ತೋರಿಸಿದ್ದನ್ನು ನೋಡಿದರೆ ತುಟಿಯದು ದೊಡ್ಡ ಪಾಲು.

ಎರಡನೇ ಸಲ ಸಿರಪ್ ಕೊಟ್ಟದ್ದು ಜೋಮು ಬಿಡುವ ಮೊದಲು, ಹಲ್ಲು ಕಿತ್ತ ಒಂದು ಗಂಟೆಯೊಳಗೆ. ನೋವು ಶುರುವಾಗುವ ಹೊತ್ತಿಗೆ ಔಷಧಿ ಆಗಲೇ ರಕ್ತದಲ್ಲಿತ್ತು. ಎರಡನೇ ಡೋಸ್ ಆರು ಗಂಟೆಯ ಮೇಲೆ, ಅತ್ತರೂ ಅಳದಿದ್ದರೂ. ಮೂರನೆಯದು ರಾತ್ರಿ ಎದ್ದಾಗ. ಇದು ಚಿಕ್ಕ ಬದಲಾವಣೆ ಅನ್ನಿಸಬಹುದು. ನನ್ನ ಅನುಭವದಲ್ಲಿ ಮಕ್ಕಳ ಮೊದಲ ಸಂಜೆಯನ್ನು ಇದಕ್ಕಿಂತ ಚೆನ್ನಾಗಿ ಕಾಯುವುದು ಬೇರೊಂದಿಲ್ಲ.

ಹಲ್ಲೂ ಬೇರೆ. ಎಡಗಡೆ ಬೇರು ಮುರಿದು 25 ನಿಮಿಷ ಎಳೆದಾಟ ಆಗಿತ್ತು, ಮೂಳೆಗೂ ವಸಡಿಗೂ ಜಾಸ್ತಿ ಪೆಟ್ಟು ಬಿದ್ದಿತ್ತು. ಕೀವೂ ಇತ್ತು. ಬಲಗಡೆಯದು ಸಲೀಸಾಗಿ ಬಂದ ಹಲ್ಲು. ಅಂಥ ಕುಳಿ ಲೇಸರ್ ಇಲ್ಲದೆಯೂ ಮೂರನೇ ದಿನ ಚೆನ್ನಾಗಿಯೇ ಕಾಣುತ್ತದೆ.

ಇನ್ನೊಂದು, ಭಯ. ಮುಖಗಳ ಚೀಟಿಯಲ್ಲಿ ಮಗು ಬೆರಳಿಡುವಾಗ ನೋವಿನ ಜೊತೆ ಭಯವೂ ಅದರಲ್ಲಿ ಸೇರಿರುತ್ತದೆ. ಹಲ್ಲು ಕಿತ್ತ ಮೇಲೆ ಎರಡು ನಿಮಿಷ ಯಾರೂ ಅವಸರ ಮಾಡದೆ, ಬೀಪ್ ಎಣಿಸುತ್ತಾ, ಕನ್ನಡಕ ಹಾಕಿಕೊಂಡು ಕೂತದ್ದೇ ಅವಳನ್ನು ಸಮಾಧಾನ ಮಾಡಿತ್ತು. ಬೆಳಕು ಆಫ್ ಆಗಿದ್ದರೂ ಇಷ್ಟು ಆಗುತ್ತಿತ್ತೋ ಏನೋ. ಅದಕ್ಕೇ ಒಳ್ಳೆಯ ಅಧ್ಯಯನಗಳಲ್ಲಿ ಒಂದು ಗುಂಪಿಗೆ ಯಂತ್ರವನ್ನು ಬಾಯಲ್ಲಿಟ್ಟು ಬೀಪ್ ಮಾತ್ರ ಮಾಡಿಸಿ ಬೆಳಕು ಬಿಡದೆ ನೋಡುತ್ತಾರೆ. ಅಂಕ ಕೊಡುವವರಿಗೂ ಯಾವ ಕಡೆ ಬೆಳಕು ಬಿತ್ತು ಎಂದು ಗೊತ್ತಿರಬಾರದು. ಇಲ್ಲಿ ಅಂಕ ಕೊಟ್ಟವನು ನಾನೇ, ಬೆಳಕು ಬಿಟ್ಟವನೂ ನಾನೇ.

ಹೀಗೆ ಒಂದೊಂದನ್ನೇ ಕಳೆದ ಮೇಲೆ ಲೇಸರ್‌ಗೆ ಉಳಿಯುವುದೇನು? ಮೂರನೇ ದಿನದ ಆ ಗುಲಾಬಿ ಅಂಚಿನಲ್ಲಿ ಅದರ ಕೈ ಇದೆ ಎಂದು ನಾನು ನಂಬುತ್ತೇನೆ. ಮೊದಲ ವಾರದ ಮೊದಲರ್ಧದಲ್ಲಿ ಮೆದು ಅಂಗಾಂಶ ಬೇಗ ಕೂಡುವುದು ಬೆಳಕಿನ ಕೆಲಸದ ರೀತಿಗೂ ಹೊಂದುತ್ತದೆ. ನೋವು ಇಳಿದದ್ದರಲ್ಲಿ ಒಂದು ಪಾಲು ಕೊಡುತ್ತೇನೆ, ಪೂರ್ತಿ ಅಲ್ಲ. ಹಾಲುಹಲ್ಲು ಕಿತ್ತ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಚಿಕ್ಕವು, ಒಬ್ಬೊಬ್ಬರ ಡೋಸ್ ಒಂದೊಂದು ಥರ, ಅದರಿಂದ ಬಂದ ಉತ್ತರಗಳೂ ಒಂದೇ ಥರ ಇಲ್ಲ. ಇದೇ ಬೆಳಕು ಗಟ್ಟಿಯಾಗಿ ಸಾಬೀತಾದ ಜಾಗ ಬೇರೆ ಇದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿತುಂಬ ಏಳುವ ಹುಣ್ಣು ತಡೆಯಲು, ಅದರಲ್ಲೂ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಳ್ಳುವವರಿಗೆ, ಕ್ಯಾನ್ಸರ್ ರೋಗಿಗಳ ಪೂರಕ ಆರೈಕೆಯ ಅಂತರರಾಷ್ಟ್ರೀಯ ಸಂಘ ಎಂಎಎಸ್‌ಸಿಸಿಯ 2020ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಶಿಫಾರಸು ಮಾಡಿದೆ. ಅಲ್ಲಿ ಗಾಯ ತಾನಾಗಿ ಮಾಯುವ ಶಕ್ತಿಯೇ ಕುಂದಿರುತ್ತದೆ. ಆರೋಗ್ಯವಂತ ಎಂಟು ವರ್ಷದ ಮಗುವಿನ ವಸಡು ಹಾಗಲ್ಲ. ಅದು ಓಡುತ್ತಿರುವ ಗಾಡಿ, ತಳ್ಳಿದರೂ ವೇಗ ಹೆಚ್ಚುವುದು ಸ್ವಲ್ಪವೇ.

ಕೊಡದಿರುವ ಸಂದರ್ಭಗಳೂ ಇವೆ. ಆ ಜಾಗದಲ್ಲಿ ಗಡ್ಡೆ ಇದ್ದರೆ, ಇರಬಹುದೆಂಬ ಅನುಮಾನ ಇದ್ದರೂ, ಬೆಳಕು ಬಿಡುವಂತಿಲ್ಲ. ಬೆಳಕಿಗೆ ಮೈ ಸೂಕ್ಷ್ಮವಾಗುವ ಔಷಧಿ ಮಗು ತೆಗೆದುಕೊಳ್ಳುತ್ತಿದೆಯೇ ಎಂದು ಕೇಳಬೇಕು. ಮುಖ ಊದಿ ಜ್ವರ ಬಂದಿದ್ದರೆ ಮೊದಲು ಕೀವು ಹೊರಗೆ ಹೋಗಬೇಕು, ಲೇಸರ್‌ನ ಮಾತು ಆಮೇಲೆ. ಮತ್ತೆ, ಬೆಳಕು ಕೊಟ್ಟಾಯಿತಲ್ಲ ಎಂದು ಸಿರಪ್ ನಿಲ್ಲಿಸಬಾರದು. ಆಸ್ಪಿರಿನ್ ಅಂತೂ ಮಕ್ಕಳಿಗೆ ಕೊಡಲೇಬಾರದು, ರೈ ಸಿಂಡ್ರೋಮ್ ಎಂಬ ಅಪಾಯಕಾರಿ ಕಾಯಿಲೆಯ ಭಯ ಇದೆ.

ಈ ಹುಡುಗಿಯ ಕೇಸ್ ಆದ ಮೇಲೆ ನಾನು ಬದಲಾಯಿಸಿದ್ದು ಲೇಸರ್‌ನ ಬಳಕೆಯನ್ನಲ್ಲ. ಈಗ ಮೊದಲ ಡೋಸ್‌ನ ಗಂಟೆಯನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಮಗುವಿನ ಅಂಗಿಗೆ "ನನ್ನ ತುಟಿ ಮಲಗಿದೆ" ಎಂಬ ಸ್ಟಿಕರ್ ಅಂಟಿಸಿ, ಜೋಮು ಬಿಡುವ ಹೊತ್ತನ್ನೂ ಅದರ ಮೇಲೆ ಬರೆಯುತ್ತೇನೆ. ಮನೆಯಲ್ಲಿರುವ ಅಜ್ಜಿ ತಾತನಿಗೂ ಅದು ಕಾಣಲಿ ಅಂತ. ಅಳುವ ಮಗುವನ್ನು ಸಹಾಯಕಿ ಆಡಿಸುತ್ತಿರುವಾಗ, ತಾಯಿಯನ್ನು ಕೂರಿಸಿ ಒಮ್ಮೆ ಹೇಳಿ, ಅವರ ಬಾಯಿಂದ ವಾಪಸ್ ಹೇಳಿಸುತ್ತೇನೆ. ಲೇಸರ್ ಅನ್ನು ಬೇರು ಮುರಿದ, ವಸಡು ಹರಿದ, ಹೊತ್ತು ಹಿಡಿದ ಹಲ್ಲುಗಳಿಗೆ ಇಟ್ಟುಕೊಂಡಿದ್ದೇನೆ. ಹಿಂತಿರುಗಿ ನೋಡಿದರೆ ಅದು ಜಾಸ್ತಿ ಬೇಕಿದ್ದದ್ದು ಎಡಗಡೆಗೆ.

ಆರು ವಾರಕ್ಕೆ ಎರಡೂ ಕುಳಿಯ ಮೇಲೆ ವಸಡು ಪೂರ್ತಿ ಮುಚ್ಚಿತ್ತು. ಎರಡೂ ಕಡೆ ಹಾಲುಹಲ್ಲು ಹೋದದ್ದರಿಂದ ಹಿಂದಿನ ಶಾಶ್ವತ ದವಡೆಹಲ್ಲುಗಳು ಮುಂದಕ್ಕೆ ಜರುಗದಂತೆ ಕೆಳಗೆ ಲಿಂಗುವಲ್ ಆರ್ಚ್ ತಂತಿ ಕೂರಿಸಿದೆ. ಹನ್ನೊಂದು, ಹನ್ನೆರಡನೇ ವಯಸ್ಸಿನಲ್ಲಿ ಹೊಸ ಹಲ್ಲು ಬರುವ ತನಕ ಅದು ಜಾಗ ಕಾಯುತ್ತದೆ.

ಆವತ್ತು ಆರು ವರ್ಷದ ತಮ್ಮನೂ ಬಂದಿದ್ದ. ಕೆಳಗಿನ ಮುಂದಿನ ಹಾಲುಹಲ್ಲು ದಾರದಲ್ಲಿ ನೇತಾಡುವ ಹಾಗೆ ಅಲ್ಲಾಡುತ್ತಿತ್ತು. "ಇವನಿಗೂ ಲೇಸರ್ ಕೊಟ್ಟುಬಿಡಿ ಡಾಕ್ಟ್ರೇ" ಎಂದರು ತಾಯಿ. ಬೇರು ಪೂರ್ತಿ ಕರಗಿದ ಹಲ್ಲು ಅದು, ಬೇಡ ಎಂದೆ. ಜೆಲ್ ಹಚ್ಚಿ, ಗಾಜ್‌ನಲ್ಲಿ ಹಿಡಿದು ಒಂದು ತಿರುವು ಕೊಟ್ಟೆ, ಬಂತು. ಹತ್ತು ನಿಮಿಷ ಗಾಜ್ ಕಚ್ಚಿಕೊಂಡು ಅಕ್ಕನ ಪಕ್ಕ ಕೂತ, ರಕ್ತ ನಿಂತಿತು, ಎದ್ದು ಹೋದ.